ಪಿಸಿಆರ್ ಕೈಯಾರೆ ಕಲಿಯುವುದು ಎಲ್ಲಿ? ಬಳ್ಳಾರಿ, ರಾಯಚೂರು, ಕೊಪ್ಪಳದವರ ಮುಂದಿರುವ ದಾರಿಗಳ ಹೋಲಿಕೆ

“ಪಿಸಿಆರ್ ಕಲೀಬೇಕ್ರಿ ಸರ್, ಎಲ್ಲಿಗೆ ಹೋಗ್ಲಿ?” ಎಂದು ಕೇಳಿಕೊಂಡು ಫಲಿತಾಂಶದ ದಿನಗಳಲ್ಲಿ ಪ್ರತಿ ವರ್ಷ ನಾಲ್ಕಾರು ಮಂದಿ ನನ್ನ ಬಳಿಗೆ ಬರುತ್ತಾರೆ. ಡಿಎನ್‌ಎಯ ಸಣ್ಣ ತುಣುಕನ್ನು ಕೋಟ್ಯಂತರ ಪ್ರತಿಗಳಾಗಿ ಹೆಚ್ಚಿಸಿ ರೋಗ ಪತ್ತೆ ಮಾಡುವ ವಿಧಾನವೇ ಪಿಸಿಆರ್. ಒಬ್ಬರು ಸಿಂಧನೂರಿನವರು, ಡಿಎಂಎಲ್‌ಟಿ (ವೈದ್ಯಕೀಯ ಲ್ಯಾಬ್ ಡಿಪ್ಲೊಮಾ) ಮುಗಿಸಿದವರು. ಒಬ್ಬರು ಗಂಗಾವತಿಯವರು, ಬಿ.ಎಸ್ಸಿ. ಬಯೋಟೆಕ್ನಾಲಜಿ ಓದಿದವರು; ಇನ್ನೊಬ್ಬರು ಬಳ್ಳಾರಿಯ ಖಾಸಗಿ ಲ್ಯಾಬಿನಲ್ಲಿ ಹತ್ತು ವರ್ಷ ರಕ್ತ ಪರೀಕ್ಷೆ ಮಾಡಿ, ಹೊಸ ವಿದ್ಯೆಯೊಂದು ಕೈಗೆ ಬೇಕೆನಿಸಿ ಬಂದವರು. ಪ್ರಶ್ನೆ ಒಂದೇ ಆದರೂ ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರ ಹಣವೂ ಕಾಲವೂ ಹಾಳಾಗುತ್ತವೆ. ಆಸ್ಪತ್ರೆಯೊಂದರ ಆಣ್ವಿಕ (ಮಾಲಿಕ್ಯುಲರ್) ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತ, ಹೊಸಬರಿಗೆ ಪಕ್ಕದಲ್ಲಿ ನಿಂತು ಕಲಿಸುತ್ತ ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ದಾರಿಗಳನ್ನು ಹೋಲಿಸಲು ನಾನು ಬಳಸುವ ಅಳತೆಗೋಲು ಒಂದೇ. ಆ ದಾರಿಯಲ್ಲಿ ಹೋದರೆ, ರೋಗಿಯ ಮಾದರಿಯನ್ನು ಕೈಗೆ ತೆಗೆದುಕೊಂಡ ಕ್ಷಣದಿಂದ ವರದಿ ಬರೆಯುವವರೆಗಿನ ಪೂರ್ತಿ ಕೆಲಸವನ್ನು ನೀವು ಸ್ವತಃ ಎಷ್ಟು ಸಲ ಮಾಡುತ್ತೀರಿ, ಕೆಲಸ ಕೆಟ್ಟಾಗ ಅದು ಏಕೆ ಕೆಟ್ಟಿತೆಂದು ತೋರಿಸಿಕೊಡುವವರು ಪಕ್ಕದಲ್ಲಿ ಇರುತ್ತಾರೆಯೇ? ಪ್ರಮಾಣಪತ್ರ, ಊರಿನ ಹೆಸರು, ಯಂತ್ರದ ಬೆಲೆ ಇವೆಲ್ಲ ಆಮೇಲಿನ ಮಾತು.

ಕೈಗೆ ಬರಬೇಕಾದ ಕೆಲಸ

ಪಿಸಿಆರ್‌ನ ತತ್ತ್ವವನ್ನು ಒಂದು ಸಂಜೆಯಲ್ಲಿ ಅರ್ಥಮಾಡಿಕೊಳ್ಳಬಹುದು. 95 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಡಿಎನ್‌ಎಯ ಎರಡು ಎಳೆಗಳು ಬಿಡಿಸಿಕೊಳ್ಳುತ್ತವೆ. 55ರಿಂದ 65 ಡಿಗ್ರಿಗೆ ಇಳಿಸಿದಾಗ ಪ್ರೈಮರ್‌ಗಳೆಂಬ ಸಣ್ಣ ಡಿಎನ್‌ಎ ತುಣುಕುಗಳು ತಮ್ಮ ಜಾಗ ಹುಡುಕಿಕೊಂಡು ಕೂರುತ್ತವೆ. 72 ಡಿಗ್ರಿಯಲ್ಲಿ ಟ್ಯಾಕ್ ಪಾಲಿಮರೇಸ್ ಎಂಬ ಕಿಣ್ವವು ಹೊಸ ಎಳೆಯನ್ನು ಕಟ್ಟುತ್ತದೆ. ಸುತ್ತು ಸುತ್ತಿಗೂ ದುಪ್ಪಟ್ಟಾಗುತ್ತ ಹೋದರೆ ಒಂದು ಪ್ರತಿ 10 ಸುತ್ತಿಗೆ 1,024 ಆಗುತ್ತದೆ, 30 ಸುತ್ತಿಗೆ ನೂರು ಕೋಟಿ ದಾಟುತ್ತದೆ. 1983ರಲ್ಲಿ ಈ ಉಪಾಯವನ್ನು ಕಂಡುಕೊಂಡ ಕ್ಯಾರಿ ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು. ಇಷ್ಟನ್ನು ಯಾವ ಪಠ್ಯಪುಸ್ತಕವಾದರೂ ಹೇಳಿಕೊಡುತ್ತದೆ. ಪುಸ್ತಕಕ್ಕೆ ಹೇಳಿಕೊಡಲು ಆಗದಿರುವುದು ಹೆಬ್ಬೆರಳಿನ ಕೆಲಸ.

5 ಮೈಕ್ರೋಲೀಟರ್ ಎಂದರೆ ಕಣ್ಣಿಗೆ ಹಾಕುವ ಔಷಧದ ಒಂದು ಹನಿಯಲ್ಲಿ ಹತ್ತನೇ ಒಂದು ಪಾಲಿನಷ್ಟು. ಇಷ್ಟು ಸಣ್ಣ ಅಳತೆಯ ದ್ರವವನ್ನು ಎಳೆದು ಬಿಡುವ ಸಾಧನವಾದ ಪಿಪೆಟ್‌ನ ಗುಂಡಿಯನ್ನು ಒತ್ತುವಾಗ ಬೆರಳಿಗೆ ಎರಡು ತಡೆಗಳು ಸಿಗುತ್ತವೆ. ಮೊದಲನೆಯ ತಡೆಯವರೆಗೆ ಒತ್ತಿ ದ್ರವ ಎಳೆದುಕೊಳ್ಳಬೇಕು, ಬಿಡುವಾಗ ಎರಡನೆಯ ತಡೆಯವರೆಗೆ ಒತ್ತಬೇಕು. ಹೊಸಬರು ಎರಡನೆಯ ತಡೆಯಿಂದಲೇ ಎಳೆದುಬಿಡುತ್ತಾರೆ, ದ್ರವ ಹೆಚ್ಚು ಬರುತ್ತದೆ. ಗುಂಡಿಯನ್ನು ಥಟ್ಟನೆ ಬಿಟ್ಟರೆ ಗಾಳಿಗುಳ್ಳೆ ಸೇರುತ್ತದೆ. ಪಿಪೆಟ್ಟಿನ ತುದಿಗೆ ಸಿಕ್ಕಿಸುವ ಟಿಪ್ಪನ್ನು ಆಳಕ್ಕೆ ಅದ್ದಿದರೆ ಅದರ ಹೊರಮೈಗೆ ಅಂಟಿದ ದ್ರವವೂ ಜೊತೆಗೆ ಹೋಗುತ್ತದೆ. ಟ್ಯೂಬಿನ ಗೋಡೆಗೆ ಟಿಪ್ಪನ್ನು ತಾಗಿಸದೆ ಮೇಲಿಂದಲೇ ಬಿಟ್ಟರೆ ಹನಿ ಟಿಪ್ಪಿನ ತುದಿಯಲ್ಲೇ ನೇತಾಡುತ್ತ ಉಳಿದುಬಿಡುತ್ತದೆ, ಹಾಕಿದೆನೆಂದು ತಿಳಿದುಕೊಂಡವರು ಮುಂದಿನ ಬಾವಿಗೆ, ಅಂದರೆ ತಟ್ಟೆಯ ಮುಂದಿನ ಸಣ್ಣ ಗುಳಿಗೆ, ಹೋಗಿರುತ್ತಾರೆ. 96 ಬಾವಿಗಳ ತಟ್ಟೆ ತುಂಬಿಸುವಾಗ ಮಧ್ಯದಲ್ಲಿ ಯಾರೋ ಮಾತನಾಡಿಸಿ ಎಲ್ಲಿದ್ದೆನೆಂಬುದು ಮರೆತುಹೋದರೆ ಏನು ಮಾಡಬೇಕು? ಟಿಪ್ ಡಬ್ಬಿಯಲ್ಲೂ ಎಂಟು ಸಾಲು, ಹನ್ನೆರಡು ಕಂಬ, ತಟ್ಟೆಯಲ್ಲೂ ಅಷ್ಟೇ. ಯಾವ ಬಾವಿಗೆ ಹಾಕುತ್ತೀರೋ ಡಬ್ಬಿಯಲ್ಲಿ ಅದೇ ಜಾಗದ ಟಿಪ್ಪನ್ನು ತೆಗೆಯುವ ರೂಢಿ ಇಟ್ಟುಕೊಂಡರೆ, ಖಾಲಿಯಾದ ತೂತೇ ನೀವು ಎಲ್ಲಿದ್ದೀರೆಂದು ಹೇಳುತ್ತದೆ. ನನಗೆ ಇದನ್ನು ಕಲಿಸಿದವರು ಹಿರಿಯ ಟೆಕ್ನೀಷಿಯನ್ ಒಬ್ಬರು. ಯಾವ ಕೋರ್ಸಿನ ಪಠ್ಯದಲ್ಲೂ ನಾನಿದನ್ನು ಕಂಡಿಲ್ಲ.

ಇದಕ್ಕೂ ಮೊದಲು ಮಾದರಿಯನ್ನು ನೋಡಿ ಒಪ್ಪುವ ಅಥವಾ ತಿರಸ್ಕರಿಸುವ ಕೆಲಸವಿದೆ. ರಕ್ತ ಹೆಪ್ಪುಗಟ್ಟದಂತೆ ಹಾಕುವ ಹೆಪಾರಿನ್ ಇರುವ ಹಸಿರು ಮುಚ್ಚಳದ ಟ್ಯೂಬಿನಲ್ಲಿ ಬಂದ ರಕ್ತವನ್ನು ಪಿಸಿಆರ್‌ಗೆ ಬಳಸಬಾರದು, ಹೆಪಾರಿನ್ ಪಾಲಿಮರೇಸ್ ಕಿಣ್ವವನ್ನೇ ತಡೆಯುತ್ತದೆ. ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬ್ ಆಗಬೇಕು. ಡೆಂಗಿಯ ಶಂಕೆ ಇರುವವರಿಗೆ ಜ್ವರ ಬಂದು ಎಷ್ಟು ದಿನವಾಯಿತೆಂದು ಕೇಳದೆ ಆರ್‌ಟಿ-ಪಿಸಿಆರ್ (ಆರ್‌ಎನ್‌ಎಯನ್ನು ಮೊದಲು ಡಿಎನ್‌ಎ ಆಗಿಸಿ ಮಾಡುವ ಪಿಸಿಆರ್) ಮಾಡಿದರೆ ಅರ್ಥವಿಲ್ಲ, ಏಕೆಂದರೆ ರಕ್ತದಲ್ಲಿ ವೈರಸ್‌ನ ಆರ್‌ಎನ್‌ಎ ಚೆನ್ನಾಗಿ ಸಿಗುವುದು ಮೊದಲ ಐದು ದಿನಗಳ ಆಸುಪಾಸಿನಲ್ಲಿ. ಆಮೇಲೆ ಐಜಿಎಂ ಎಂಬ ಪ್ರತಿಕಾಯದ ಪರೀಕ್ಷೆಯೇ ಹೆಚ್ಚು ಹೇಳುತ್ತದೆ. ಡಿಎನ್‌ಎ ಬೇರ್ಪಡಿಸುವಾಗ ತೊಳೆಯಲು ಬಳಸಿದ ಎಥನಾಲ್, ಡಿಎನ್‌ಎ ಹಿಡಿದಿಡುವ ಕಾಲಮ್ ಎಂಬ ಸಣ್ಣ ಕೊಳವೆಯಲ್ಲಿ ಚೂರು ಉಳಿದರೂ ಮುಂದಿನ ಹಂತ ಕೆಡುತ್ತದೆ. ಇಂಥ ಸಣ್ಣ ಸಣ್ಣ ವಿವೇಕಗಳೆಲ್ಲ ಸೇರಿದಾಗ ಮಾತ್ರ ಅದು ರೋಗನಿರ್ಣಯದ ಪಿಸಿಆರ್ ಆಗುತ್ತದೆ. ಇಲ್ಲದಿದ್ದರೆ ಅದು ಕಾಲೇಜಿನ ಪ್ರಾತ್ಯಕ್ಷಿಕೆಯಷ್ಟೇ.

ಯಂತ್ರ ಬೇರೆಯಾದರೆ ಪಾಠವೂ ಬೇರೆ

ದಾರಿ ಆರಿಸುವ ಮುನ್ನ ಅಲ್ಲಿ ಯಾವ ಯಂತ್ರದ ಮೇಲೆ ಕಲಿಯುತ್ತೀರೆಂದು ನೋಡಿಕೊಳ್ಳಿ. “ಮಾಲಿಕ್ಯುಲರ್ ಲ್ಯಾಬ್” ಎಂಬ ಒಂದೇ ಹೆಸರಿನ ಕೆಳಗೆ ನಾಲ್ಕು ಬಗೆಯ ಕೆಲಸಗಳು ನಡೆಯುತ್ತವೆ.

ಕ್ಷಯಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಪ್ಪಿದ ಜೀನ್‌ಎಕ್ಸ್‌ಪರ್ಟ್, ನಮ್ಮಲ್ಲಿ ಎಲ್ಲರೂ ಸಿಬಿನಾಟ್ ಎನ್ನುವ ಯಂತ್ರ, ಕಾರ್ಟ್ರಿಜ್ ಆಧಾರಿತವಾದದ್ದು. ಕಫಕ್ಕೆ ಎರಡು ಪಟ್ಟು ಸ್ಯಾಂಪಲ್ ರೀಏಜೆಂಟ್ ಸೇರಿಸಿ, ಕುಲುಕಿ, ಹದಿನೈದು ನಿಮಿಷ ಬಿಟ್ಟು, 2 ಮಿ.ಲೀ.ಯನ್ನು ಕಾರ್ಟ್ರಿಜ್‌ಗೆ ಹಾಕಿ ಮುಚ್ಚಿದರೆ ಉಳಿದದ್ದೆಲ್ಲ ಒಳಗೇ ನಡೆದು ಎರಡು ಗಂಟೆಯೊಳಗೆ ಉತ್ತರ ಬರುತ್ತದೆ. ರೋಗಿಯ ದೃಷ್ಟಿಯಿಂದ ಇದು ದೊಡ್ಡ ವರ. ಕಲಿಯುವವರ ದೃಷ್ಟಿಯಿಂದ ನೋಡಿದರೆ ಕೈಗೆ ಸಿಗುವ ಪಾಠ ಕಡಿಮೆ. ಮಾದರಿಯ ಗುಣಮಟ್ಟ, ಜೈವಿಕ ಸುರಕ್ಷತೆ, ‘ಎರರ್’ ಬಂದಾಗ ಏನು ಮಾಡಬೇಕೆಂಬ ತಿಳಿವಳಿಕೆ ಇವಿಷ್ಟನ್ನು ಚೆನ್ನಾಗಿ ಕಲಿಯಬಹುದು, ಪಿಪೆಟ್ ಹಿಡಿತವನ್ನಲ್ಲ. ಇನ್ನೊಂದು ಮಾತು: ಈ ಯಂತ್ರ ಕೆಲಸ ಮಾಡಬೇಕಾದ ಕೊಠಡಿಯ ಉಷ್ಣತೆ 30 ಡಿಗ್ರಿ ಮೀರಬಾರದು, ಕಾರ್ಟ್ರಿಜ್‌ಗಳನ್ನು 28 ಡಿಗ್ರಿಯೊಳಗೆ ಇಡಬೇಕು. ಮೇ ತಿಂಗಳಲ್ಲಿ 40 ದಾಟುವ ರಾಯಚೂರಿನಲ್ಲಿ ಎಸಿ ಕೆಟ್ಟ ದಿನ ಲ್ಯಾಬೂ ನಿಂತ ಹಾಗೆಯೇ. ಇದನ್ನು ಎದುರಿಸುವುದನ್ನು ನಮ್ಮ ಭಾಗದ ಲ್ಯಾಬಿನಲ್ಲಿ ಕಲಿಯಬಹುದೇ ಹೊರತು ಮಹಾನಗರದ ತಂಪು ಕೊಠಡಿಯ ತರಬೇತಿಯಲ್ಲಿ ಅಲ್ಲ.

ಗೋವಾದ ಮೋಲ್‌ಬಯೋ ಕಂಪನಿಯ ಟ್ರೂನಾಟ್ ಇದಕ್ಕಿಂತ ಒಂದು ಮೆಟ್ಟಿಲು ಹೆಚ್ಚು ಕಲಿಸುತ್ತದೆ. ಬ್ಯಾಟರಿಯ ಮೇಲೂ ನಡೆಯುವ ಈ ಸಣ್ಣ ಯಂತ್ರಕ್ಕೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ದೊರೆಯಿತು. ಡಿಎನ್‌ಎ ಬೇರ್ಪಡಿಸುವುದು ಒಂದು ಯಂತ್ರದಲ್ಲಿ, ಪಿಸಿಆರ್ ಇನ್ನೊಂದರಲ್ಲಿ. ನಡುವೆ 6 ಮೈಕ್ರೋಲೀಟರ್‌ನ್ನು ಒಣಪುಡಿ ಇರುವ ಟ್ಯೂಬಿಗೆ ಹಾಕಿ, ಅದು ತಿಳಿಯಾಗುವವರೆಗೆ ಕಾದು, ಮತ್ತೆ 6 ಮೈಕ್ರೋಲೀಟರ್‌ನ್ನು ಪರೀಕ್ಷೆಯ ಚಿಪ್‌ನ ಬಾವಿಗೆ ಗಾಳಿಗುಳ್ಳೆ ಬಾರದಂತೆ ಬಿಡುವುದು ನಿಮ್ಮ ಕೆಲಸ. ಆ ಒಂದು ಹೆಜ್ಜೆಯಲ್ಲೇ ಕೈ ತಪ್ಪುವುದು, ಆ ಒಂದು ಹೆಜ್ಜೆಯಲ್ಲೇ ಕೈ ಪಳಗುವುದು.

ಮೂರನೆಯದು ‘ತೆರೆದ’ ರಿಯಲ್‌ಟೈಮ್ ಪಿಸಿಆರ್. ಇಲ್ಲಿ ಬೇರ್ಪಡಿಸುವಿಕೆ, ಮಾಸ್ಟರ್ ಮಿಕ್ಸ್ (ಕಿಣ್ವ, ಪ್ರೈಮರ್ ಮೊದಲಾದವುಗಳ ಮಿಶ್ರಣ) ಲೆಕ್ಕ, ತಟ್ಟೆಯ ನಕ್ಷೆ, ಉತ್ತರ ಮೊದಲೇ ಗೊತ್ತಿರುವ ಕಂಟ್ರೋಲ್‌ಗಳು, ವಕ್ರರೇಖೆ ಓದುವುದು ಎಲ್ಲವೂ ನಿಮ್ಮ ತಲೆಯ ಮೇಲೆ. ಕೋವಿಡ್ ಕಾಲದಲ್ಲಿ ಸಿಟಿ ಮೌಲ್ಯ, ಅಂದರೆ ಎಷ್ಟನೆಯ ಸುತ್ತಿನಲ್ಲಿ ಸಂಕೇತ ಕಾಣಿಸಿತೆಂಬ ಅಂಕಿ, ಎಂಬ ಮಾತು ಊರೂರಿಗೆ ತಲುಪಿತು, 35 ಎಂಬ ಗಡಿ ಜನರ ಬಾಯಲ್ಲೂ ಇತ್ತು. ಆದರೆ ಸಿಟಿ 3.3ರಷ್ಟು ಹೆಚ್ಚಾದರೆ ಮೂಲದ ಪ್ರಮಾಣ ಸುಮಾರು ಹತ್ತು ಪಟ್ಟು ಕಡಿಮೆ ಎಂಬ ಲೆಕ್ಕವನ್ನು ತಾನೇ ಹತ್ತು ಪಟ್ಟಿನ ದುರ್ಬಲೀಕರಣ ಸರಣಿ ಮಾಡಿ ಕಂಡವರಿಗೆ ಮಾತ್ರ ಆ ಅಂಕಿಯ ಒಳಗುಟ್ಟು ತಿಳಿಯುತ್ತದೆ. ಒಬ್ಬರ ಕೈ ಸರಿಯಿದೆಯೇ ಎಂದು ನೋಡಲು ನಾನು ಕೊಡುವ ಪರೀಕ್ಷೆಯೂ ಇದೇ: ಐದು ಹಂತದ ಸರಣಿಯನ್ನು ಮೂರು ಮೂರು ಬಾವಿಗಳಲ್ಲಿ ಹಾಕಿಸುತ್ತೇನೆ, ಹಂತ ಹಂತಕ್ಕೂ 3.3ರ ಆಸುಪಾಸಿನ ಅಂತರ ಬರಬೇಕು, ಮೂರು ಬಾವಿಗಳೂ ಒಂದಕ್ಕೊಂದು ಅಂಟಿಕೊಂಡಂತೆ ಏರಬೇಕು.

ನಾಲ್ಕನೆಯದು ಲೈನ್ ಪ್ರೋಬ್ ಅಸ್ಸೇ. ಕ್ಷಯದಲ್ಲಿ ರಿಫಾಂಪಿಸಿನ್, ಐಸೋನಿಯಾಜಿಡ್ ಔಷಧಗಳಿಗೆ ರೋಗಾಣು ಬಗ್ಗುತ್ತದೆಯೋ ಇಲ್ಲವೋ ಎಂದು ಪಟ್ಟಿಯ ಮೇಲಿನ ಗೆರೆಗಳನ್ನು ನೋಡಿ ಓದುವ ಈ ಪರೀಕ್ಷೆ ದೊಡ್ಡ ಕ್ಷಯ ಪ್ರಯೋಗಾಲಯಗಳಲ್ಲಿ ನಡೆಯುತ್ತದೆ. ಆರಂಭದಲ್ಲಿ ಇದರ ಹಿಂದೆ ಬೀಳುವ ಅಗತ್ಯವಿಲ್ಲ.

ಊರಿನ ಆಸ್ಪತ್ರೆಯೋ, ಹೊರಗಿನ ತರಬೇತಿಯೋ

ಮೊದಲ ದಾರಿ ನಮ್ಮ ಕಣ್ಣೆದುರೇ ಇದೆ. ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಹೀಗೆ ಮೂರು ಜಿಲ್ಲೆಗಳಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. 2020ರಲ್ಲಿ ಕೋವಿಡ್ ಪರೀಕ್ಷೆಗಾಗಿ ಜಿಲ್ಲೆ ಜಿಲ್ಲೆಯಲ್ಲೂ ಪಿಸಿಆರ್ ಯಂತ್ರಗಳು ಬಂದು ಕೂತದ್ದರಿಂದ, ಮೊದಲು ಬೆಂಗಳೂರಿಗೆ ಹೋಗಿ ನೋಡಬೇಕಿದ್ದ ಕೆಲಸ ನಮ್ಮೂರಿಗೇ ಬಂತು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. ಎಂಎಲ್‌ಟಿಯಲ್ಲಿ ಮೂರು ವರ್ಷದ ಪಾಠದ ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್ ಇದೆ. ಆ ವರ್ಷದಲ್ಲಿ ಸೂಕ್ಷ್ಮಜೀವಿ ವಿಭಾಗದ ಆಣ್ವಿಕ ಲ್ಯಾಬಿಗೆ ಹೆಚ್ಚು ತಿಂಗಳು ಹಾಕಿಸಿಕೊಳ್ಳುವವರು ಬಹಳ ಕಡಿಮೆ, ಏಕೆಂದರೆ ಬಹುಪಾಲು ವಿದ್ಯಾರ್ಥಿಗಳು ಹಾಗೆ ಕೇಳುವುದೇ ಇಲ್ಲ. ಲಿಖಿತವಾಗಿ, ವಿನಯದಿಂದ, ಮುಂಚಿತವಾಗಿ ಕೇಳಿ. ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಡಿ ಟ್ರೂನಾಟ್ ನಡೆಸುವ ಲ್ಯಾಬ್ ಟೆಕ್ನೀಷಿಯನ್ ಕೆಲಸವೂ ಇದೇ ದಾರಿಯ ಇನ್ನೊಂದು ಕವಲು. ಗುತ್ತಿಗೆ ಕೆಲಸ, ಸಂಬಳ ದೊಡ್ಡದಲ್ಲ. ಆದರೆ ದಿನನಿತ್ಯ ನಿಜವಾದ ಕಫ, ನಿಜವಾದ ರೋಗಿ, ಕಾರ್ಯಕ್ರಮದ್ದೇ ತರಬೇತಿ.

ಈ ದಾರಿಯ ಬಲವೆಂದರೆ ಸಂಖ್ಯೆ. ಒಂದು ವರ್ಷದಲ್ಲಿ ಕೈಯಿಂದ ಸಾವಿರಾರು ಮಾದರಿಗಳು ಹಾದುಹೋಗಬಹುದು. ದೌರ್ಬಲ್ಯವೆಂದರೆ ‘ಏಕೆ’ ಎಂಬ ಪ್ರಶ್ನೆಗೆ ಸಮಯ ಸಿಗದಿರುವುದು. ಕಿಟ್ಟಿನ ಕಾಗದದಲ್ಲಿ ಹೇಳಿದಂತೆ ಹಾಕುತ್ತ ಹಾಕುತ್ತ ಮೂರು ವರ್ಷ ಕಳೆದವರನ್ನು ನಾನು ಬಲ್ಲೆ. ಗುರಿಯ ಡಿಎನ್‌ಎಗೆ ಅಂಟಿ ಸಂಕೇತ ಕೊಡುವ ಪ್ರೋಬ್ ಎಂದರೇನು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಅದು ಅವರ ತಪ್ಪಲ್ಲ, ಯಾರೂ ಕೂತು ಹೇಳಿಕೊಟ್ಟಿಲ್ಲ.

ಎರಡನೆಯ ದಾರಿ ಎಂ.ಎಸ್ಸಿ. ಎರಡು ವರ್ಷ ಕೊಡಬಲ್ಲವರಿಗೆ, ತತ್ತ್ವವೂ ಬೇಕೆನ್ನುವವರಿಗೆ ಇದು ಸರಿ. ಸೂಕ್ಷ್ಮಜೀವಶಾಸ್ತ್ರ, ಜೀವರಸಾಯನ, ಬಯೋಟೆಕ್ನಾಲಜಿ ಯಾವುದೇ ಆಗಲಿ, ನೋಡಬೇಕಾದದ್ದು ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಎಲ್ಲಿ ಮಾಡಲು ಬಿಡುತ್ತಾರೆ ಎಂಬುದನ್ನು. ನಮ್ಮ ಭಾಗಕ್ಕೆ ಹೊಂದುವ ವಿಷಯವೊಂದನ್ನೇ ಉದಾಹರಣೆಯಾಗಿ ಹೇಳುತ್ತೇನೆ. ಸೋದರಮಾವ, ಅತ್ತೆಮಕ್ಕಳ ಸಂಬಂಧದೊಳಗಿನ ಮದುವೆ ಇಲ್ಲಿ ಇನ್ನೂ ರೂಢಿಯಲ್ಲಿದೆ; ಹಾಗಾಗಿ ತಂದೆ ತಾಯಿ ಇಬ್ಬರಲ್ಲೂ ಒಂದೇ ದೋಷವಿದ್ದು ಮಗುವಿಗೆ ತಲೆಸೇಮಿಯಾದಂಥ ಆನುವಂಶಿಕ ರಕ್ತದ ಕಾಯಿಲೆ ಬರುವ ಸಂಭವ ಹೆಚ್ಚು. ಭಾರತದಲ್ಲಿ ಬೀಟಾ ತಲೆಸೇಮಿಯಾಕ್ಕೆ ಕಾರಣವಾಗುವ ಜೀನಿನ ರೂಪಾಂತರಗಳಲ್ಲಿ ಅತಿ ಹೆಚ್ಚು ಕಾಣಸಿಗುವುದು ಐವಿಎಸ್ 1-5 ಎಂಬುದು. ಇದನ್ನು ಆರ್ಮ್ಸ್-ಪಿಸಿಆರ್ ಎಂಬ ವಿಧಾನದಿಂದ, ಸಾಧಾರಣ ಥರ್ಮಲ್ ಸೈಕ್ಲರ್ (ಉಷ್ಣತೆ ಏರಿಸಿ ಇಳಿಸುವ ಪಿಸಿಆರ್ ಯಂತ್ರ) ಮತ್ತು ಡಿಎನ್‌ಎಯನ್ನು ಪಟ್ಟೆಗಳಾಗಿ ತೋರಿಸುವ ಅಗರೋಸ್ ಜೆಲ್ ಇದ್ದರೆ ಸಾಕು, ಪತ್ತೆ ಮಾಡಬಹುದು. ಒಂದು ಟ್ಯೂಬಿನಲ್ಲಿ ಸಹಜ ಎಳೆಗೆ ಹೊಂದುವ ಪ್ರೈಮರ್, ಇನ್ನೊಂದರಲ್ಲಿ ರೂಪಾಂತರಕ್ಕೆ ಹೊಂದುವ ಪ್ರೈಮರ್. ಯಾವ ಟ್ಯೂಬಿನಲ್ಲಿ ಪಟ್ಟೆ ಮೂಡಿತೆಂಬುದರ ಮೇಲೆ ಸಹಜ, ವಾಹಕ, ರೋಗಿ ಎಂದು ತಿಳಿಯುತ್ತದೆ. ಪ್ರೈಮರ್‌ನ ತುದಿಯ ಒಂದೇ ಒಂದು ಅಕ್ಷರ ಇಡೀ ಉತ್ತರವನ್ನು ಹೇಗೆ ನಿರ್ಧರಿಸುತ್ತದೆ, ಉಷ್ಣತೆ ಎರಡು ಡಿಗ್ರಿ ತಪ್ಪಿದರೆ ಸುಳ್ಳು ಪಟ್ಟೆ ಹೇಗೆ ಮೂಡುತ್ತದೆ ಎಂಬುದನ್ನು ಆರು ತಿಂಗಳು ಇಂಥ ಪ್ರಾಜೆಕ್ಟ್ ಮಾಡಿದವರು ಜನ್ಮದಲ್ಲಿ ಮರೆಯುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ಯಂತ್ರದ ಮುಂದೆ ನಿಂತು ನೋಡಿ ಬಂದವರಿಗಿಂತ ಅವರನ್ನು ನಾನು ಮೊದಲು ಕೆಲಸಕ್ಕೆ ಕರೆಯುತ್ತೇನೆ. ಸೀಟಿನ ವಿಷಯದಲ್ಲಿ, ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲಾತಿ ಇದೆ. ಅರ್ಹತಾ ಪ್ರಮಾಣಪತ್ರವನ್ನು ಅರ್ಜಿಯ ಕೊನೆಯ ದಿನದವರೆಗೆ ಕಾಯದೆ ಮಾಡಿಸಿಟ್ಟುಕೊಳ್ಳಿ.

ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಕಡೆ ಬೆಳೆಗಳ ಡಿಎನ್‌ಎ ಮೇಲೆ ಕೈ ಪಳಗಿಸಿದವರೂ ರೋಗನಿರ್ಣಯಕ್ಕೆ ಬರಲು ಇಷ್ಟಪಡುತ್ತಾರೆ. ಅವರ ಪಿಪೆಟ್ ಹಿಡಿತ ಬಹಳ ಸಲ ನಮ್ಮವರಿಗಿಂತ ಚೆನ್ನಾಗಿರುತ್ತದೆ. ಅವರಿಗೆ ಹೊಸದು ಶಿಸ್ತು: ಸಂಶೋಧನೆಯಲ್ಲಿ ಕೆಟ್ಟ ಮಾದರಿಯನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದು, ಇಲ್ಲಿ ಪ್ರತಿ ಟ್ಯೂಬಿನ ಹಿಂದೆ ಕಾಯುತ್ತಿರುವ ಒಬ್ಬ ಮನುಷ್ಯ ಇರುತ್ತಾನೆ.

ಮೂರನೆಯದು ಬೆಂಗಳೂರು, ಹೈದರಾಬಾದುಗಳ ಅಲ್ಪಾವಧಿ ಕಾರ್ಯಾಗಾರ. ರಾಯಚೂರಿನವರಿಗೆ ರೈಲಿನಲ್ಲಿ ಹೈದರಾಬಾದೇ ಹತ್ತಿರ, ಬಳ್ಳಾರಿ ಹೊಸಪೇಟೆಯವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರಿನಲ್ಲಿರುತ್ತಾರೆ, ಕೊಪ್ಪಳದವರಿಗೆ ಹುಬ್ಬಳ್ಳಿ ಕೈಯಳತೆಯಲ್ಲಿದೆ. ಹೋಗುವುದು ಸುಲಭವಾದ್ದರಿಂದಲೇ ಜನ ಯೋಚಿಸದೆ ಹೋಗುತ್ತಾರೆ. ನಾನೂ ಹೋಗಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಾಲ ಮಾಡಿದ ಹಣ ಕಟ್ಟಿ, ಒಂದು ಮಹಾನಗರದ ಖಾಸಗಿ ಸಂಸ್ಥೆಯಲ್ಲಿ ಐದು ದಿನದ ತರಬೇತಿಗೆ ಕೂತೆ. ಮೂವತ್ತು ಮಂದಿಗೆ ಒಂದು ಯಂತ್ರ. ಐದು ದಿನಗಳಲ್ಲಿ ಪಿಪೆಟ್ ನನ್ನ ಕೈಗೆ ಬಂದದ್ದು ಎರಡು ಸಲ, ಎರಡೂ ಸಲ ಹಿಂದಿನಿಂದ “ಬೇಗ, ಬೇಗ” ಎಂಬ ಮಾತು. ಜೆಲ್ಲಿನಲ್ಲಿ ಪಟ್ಟೆ ಮೂಡಲಿಲ್ಲ. ಏಕೆಂದು ಕೇಳಿದಾಗ ಹಿಂದಿನ ತಂಡದವರ ಜೆಲ್ಲಿನ ಚಿತ್ರವನ್ನು ತೋರಿಸಿ ಹೀಗೆ ಬರಬೇಕಿತ್ತು ಎಂದರು. ಚೌಕಟ್ಟು ಹಾಕಿಸುವಂಥ ಪ್ರಮಾಣಪತ್ರ ಕೊಟ್ಟರು. ಅದನ್ನು ಹಿಡಿದುಕೊಂಡು ಊರಿಗೆ ಬರುವಾಗ ರೈಲಿನಲ್ಲಿ ಆದ ಸಂಕಟ ಇವತ್ತಿಗೂ ನೆನಪಿದೆ, ಈ ಬರಹ ಬರೆಯಲು ಅದೂ ಒಂದು ಕಾರಣ.

ಹಾಗೆಂದು ಎಲ್ಲ ಕಾರ್ಯಾಗಾರಗಳೂ ವ್ಯರ್ಥವಲ್ಲ. ಈಗಾಗಲೇ ಲ್ಯಾಬಿನಲ್ಲಿ ಇರುವವರು, ತಮಗೆ ಗೊತ್ತಿಲ್ಲದ ಒಂದೇ ಒಂದು ಸಂಗತಿಯನ್ನು, ಉದಾಹರಣೆಗೆ ಸೀಕ್ವೆನ್ಸಿಂಗ್‌ನ (ಡಿಎನ್‌ಎಯ ಅಕ್ಷರಗಳ ಕ್ರಮ ಪತ್ತೆಯ) ಫಲಿತಾಂಶ ಓದುವುದನ್ನೋ ಹೊಸ ವಿಧಾನವನ್ನು ಲ್ಯಾಬಿನಲ್ಲಿ ಪರೀಕ್ಷಿಸಿ ಒಪ್ಪಿಕೊಳ್ಳುವ ಕ್ರಮವನ್ನೋ, ಕಲಿಯಲು ಹೋದರೆ ಮೂರು ದಿನವೂ ಸಾರ್ಥಕ. ಕೈ ಇನ್ನೂ ಪಳಗದವರು ಹೋದರೆ ನೋಡಿ ಬರುವುದಷ್ಟೇ ಆಗುತ್ತದೆ. ಸರ್ಕಾರಿ ಸಂಸ್ಥೆಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಿಂದ ಇದೆ, ಅಲ್ಲಿನ ತರಬೇತಿ ಮುಖ್ಯವಾಗಿ ಕ್ಷಯ ಕಾರ್ಯಕ್ರಮದ ಸಿಬ್ಬಂದಿಗಾಗಿ. ಹೈದರಾಬಾದಿನ ಸಿಡಿಎಫ್‌ಡಿಯಲ್ಲಿ (ಡಿಎನ್‌ಎ ಬೆರಳಚ್ಚು ಮತ್ತು ರೋಗನಿರ್ಣಯ ಕೇಂದ್ರ) ಆನುವಂಶಿಕ ಕಾಯಿಲೆಗಳ ಪತ್ತೆ ದಿನನಿತ್ಯದ ಕೆಲಸ. ಇಂಥ ಕಡೆ ಪ್ರಾಜೆಕ್ಟಿಗೆ ಅವಕಾಶ ಸಿಕ್ಕರೆ ಊಟ ವಸತಿಯ ಖರ್ಚಿಗೆ ಹೆದರಿ ಬಿಡಬೇಡಿ. ಸಿಗುವುದು ಸುಲಭವಲ್ಲ, ಬಹಳ ಮೊದಲೇ ಬರೆದು ಕೇಳಬೇಕು.

ನಾಲ್ಕನೆಯದು ಆನ್‌ಲೈನ್ ಪಾಠ. ಸ್ವಯಂ, ಎನ್‌ಪಿಟಿಇಎಲ್ ಎಂಬ ಸರ್ಕಾರಿ ಪಾಠದ ಜಾಲತಾಣಗಳಲ್ಲಿ ಉಚಿತವಾಗಿ ಕೇಳಬಹುದು, ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಇದು ಬೇರೆ ಯಾವ ದಾರಿಗೂ ಬದಲಿಯಲ್ಲ, ಎಲ್ಲ ದಾರಿಗಳಿಗೂ ಜೊತೆಗಾರ. ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ ರಾತ್ರಿ ಒಂದು ಗಂಟೆ ಪಾಠ ಕೇಳುವವರಿಗೆ ಮೊದಲ ದಾರಿಯ ದೌರ್ಬಲ್ಯವೇ ಉಳಿಯುವುದಿಲ್ಲ.

ಯಾರಿಗೆ ಯಾವುದು

ಸಿಂಧನೂರಿನ ಡಿಎಂಎಲ್‌ಟಿ ಹುಡುಗಿಗೆ ನಾನು ಹೇಳಿದ್ದು: ಹೊರಗೆ ಹೋಗಬೇಡಮ್ಮ, ಟ್ರೂನಾಟ್ ಇರುವ ಕಡೆ ಕೆಲಸಕ್ಕೆ ಸೇರು, ವರ್ಷದೊಳಗೆ ತೆರೆದ ಪಿಸಿಆರ್ ಇರುವ ಲ್ಯಾಬಿಗೆ ಹೋಗುವ ಪ್ರಯತ್ನ ಮಾಡು, ಜೊತೆಗೆ ಪಾಠ ಕೇಳು. ಅವರ ಬಳಿ ಪ್ಯಾರಾಮೆಡಿಕಲ್ ಮಂಡಳಿಯ ಅರ್ಹತೆ ಇದೆ, ಆಸ್ಪತ್ರೆಯ ಬಾಗಿಲು ಅವರಿಗೆ ತೆರೆದಿದೆ.

ಗಂಗಾವತಿಯ ಬಯೋಟೆಕ್ನಾಲಜಿ ಪದವೀಧರನ ಸ್ಥಿತಿ ಬೇರೆ. ವಿಷಯ ಹೆಚ್ಚು ಗೊತ್ತು, ಆದರೆ ಲ್ಯಾಬ್ ಟೆಕ್ನೀಷಿಯನ್ ಹುದ್ದೆಯ ಅಧಿಸೂಚನೆಗಳು ಸಾಮಾನ್ಯವಾಗಿ ಡಿಎಂಎಲ್‌ಟಿ ಅಥವಾ ಎಂಎಲ್‌ಟಿ ಪದವಿಯನ್ನು ಕೇಳುತ್ತವೆ. ಇದನ್ನು ಮೊದಲೇ ತಿಳಿಸದೆ ಹಣ ಕಟ್ಟಿಸಿಕೊಳ್ಳುವ ತರಬೇತಿ ಕೇಂದ್ರಗಳ ಮೇಲೆ ನನಗೆ ಬೇಸರವಿದೆ. ಅಂಥವರಿಗೆ ಆರು ತಿಂಗಳ ಖಾಸಗಿ ಕೋರ್ಸಿಗಿಂತ ಎಂ.ಎಸ್ಸಿ. ಮತ್ತು ರೋಗನಿರ್ಣಯದ ಲ್ಯಾಬಿನಲ್ಲಿ ಪ್ರಾಜೆಕ್ಟ್ ಎಂಬ ದಾರಿಯೇ ಮೇಲು. ಸಂಶೋಧನಾ ಯೋಜನೆಗಳು, ದೊಡ್ಡ ಖಾಸಗಿ ಲ್ಯಾಬುಗಳು, ಕಿಟ್ ತಯಾರಿಸುವ ಕಂಪನಿಗಳು ಅವರನ್ನು ತೆಗೆದುಕೊಳ್ಳುತ್ತವೆ.

ಹತ್ತು ವರ್ಷದ ಅನುಭವಿಗೆ ಸಂಸಾರವಿದೆ, ಕೆಲಸ ಬಿಡಲಾಗದು. ಆದರೆ ಮಾದರಿಯನ್ನು ನೋಡುವ ಕಣ್ಣು, ರೋಗಿಯ ಹೆಸರು ಎರಡು ಸಲ ಓದುವ ಅಭ್ಯಾಸ, ತುರ್ತಿನಲ್ಲೂ ಗಾಬರಿಯಾಗದ ಮನಸ್ಸು ಅವರಿಗೆ ಆಗಲೇ ಇವೆ. ಇವನ್ನು ಕಲಿಸಲು ಹೊಸಬರಿಗೆ ವರ್ಷಗಳು ಬೇಕು. ಅಂಥವರು ಮೊದಲು ಪಾಠ ಕೇಳಿ, ಆಮೇಲೆ ರಜೆ ಹಾಕಿ ಹತ್ತು ಮಂದಿ ಮೀರದ ಒಂದು ಕಾರ್ಯಾಗಾರಕ್ಕೆ ಹೋಗಿ, ಮರಳಿ ಬಂದ ವಾರವೇ ಅಭ್ಯಾಸಕ್ಕೆ ಜಾಗ ಸಿಗುವಂತೆ ಮಾಡಿಕೊಳ್ಳುವುದು ಲೇಸು. ಮರಳಿ ಬಂದು ಮೂರು ತಿಂಗಳು ಪಿಪೆಟ್ ಮುಟ್ಟದಿದ್ದರೆ ಕಲಿತದ್ದು ನಿಲ್ಲುವುದಿಲ್ಲ.

ಹಣ ಕಟ್ಟುವ ಮೊದಲು ಕೇಳಬೇಕಾದದ್ದು

ಒಂದು ಪಿಪೆಟ್‌ಗೆ ಎಷ್ಟು ಮಂದಿ, ಪ್ರತಿಯೊಬ್ಬರೂ ಎಷ್ಟು ಸಲ ಪೂರ್ತಿ ರನ್ ಮಾಡುತ್ತಾರೆ ಎಂಬುದು ಮೊದಲ ಪ್ರಶ್ನೆ. ಉತ್ತರ ಸಂಖ್ಯೆಯಲ್ಲಿ ಬರದಿದ್ದರೆ ಅಲ್ಲಿಗೆ ಹೋಗಬೇಡಿ.

ಎರಡನೆಯದು, ಕೊಠಡಿಗಳು ಎಷ್ಟು ಎಂಬುದು. ಮಾಸ್ಟರ್ ಮಿಕ್ಸ್ ತಯಾರಿಗೆ ಒಂದು, ಮಾದರಿಗೆ ಒಂದು, ಪಿಸಿಆರ್ ಯಂತ್ರಕ್ಕೆ ಒಂದು. ಶುದ್ಧ ಕಡೆಯಿಂದ ಕೊನೆಯ ಕೊಠಡಿಗೆ ನಡೆಯಬೇಕೇ ಹೊರತು ಹಿಂದಕ್ಕೆ ಬರಬಾರದು. ಒಂದೇ ಮೇಜಿನ ಮೇಲೆ ಎಲ್ಲವನ್ನೂ ಮಾಡಿಸುವ ಕಡೆ ಕಲಿತವರಿಗೆ ಆ ಕೆಟ್ಟ ಅಭ್ಯಾಸವನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು: “ನಿಮ್ಮ ನೆಗೆಟಿವ್ ಕಂಟ್ರೋಲ್ ಕೊನೆಯ ಸಲ ಪಾಸಿಟಿವ್ ಬಂದದ್ದು ಯಾವಾಗ, ಆಗ ಏನು ಮಾಡಿದಿರಿ?” ನೆಗೆಟಿವ್ ಕಂಟ್ರೋಲ್ ಎಂದರೆ ಮಾದರಿಯ ಬದಲು ಬರೀ ನೀರು ಹಾಕಿದ ಬಾವಿ. ಅಲ್ಲಿ ಏನೂ ಏರಬಾರದು. ನಮ್ಮಲ್ಲಿ ಒಂದು ದಿನ ಅದು 34ನೆಯ ಸುತ್ತಿನಲ್ಲಿ ಏರಿತು. ಇಡೀ ತಟ್ಟೆಯನ್ನು ತಿರಸ್ಕರಿಸಿದೆವು, ಮರುದಿನ ಹೊಸ ನೀರಿನಿಂದ ಮಾಡಿದರೂ ಏರಿತು, ಹೊಸ ಪ್ರೈಮರ್ ತೆರೆದರೂ ಏರಿತು. ಮೂರನೆಯ ದಿನ ಹುಡುಕುತ್ತ ಹೋದಾಗ ಕಾರಣ ಸಿಕ್ಕಿತು: ನಾನೇ, ಯಂತ್ರದ ಕೊಠಡಿಯಲ್ಲಿ ಮುಗಿದ ಟ್ಯೂಬ್‌ಗಳನ್ನು ಎಸೆಯಲು ಹಾಕಿಕೊಂಡ ಕೋಟಿನಲ್ಲೇ ಮಾಸ್ಟರ್ ಮಿಕ್ಸ್ ಕೊಠಡಿಗೆ ಬಂದಿದ್ದೆ. ಮುಗಿದ ಒಂದು ಟ್ಯೂಬಿನಲ್ಲಿ ಕೋಟ್ಯಂತರ ಪ್ರತಿಗಳಿರುತ್ತವೆ. ಮುಚ್ಚಳ ಸ್ವಲ್ಪ ಸಡಿಲವಾದರೂ ಸಾಕು, ತೋಳಿಗೆ ಹತ್ತಿದ ಕಣ್ಣಿಗೆ ಕಾಣದ ಹನಿ ಮುಂದಿನ ರೋಗಿಯ ಹಣೆಬರಹ ಬರೆಯುತ್ತದೆ. ಮಾನ್ವಿಯಿಂದಲೋ ಕುಷ್ಟಗಿಯಿಂದಲೋ ಬಸ್ಸಿನಲ್ಲಿ ಬಂದು ಕಫ ಕೊಟ್ಟು ಹೋದವರಿಗೆ ಇಲ್ಲದ ರೋಗದ, ಇಲ್ಲದ ಔಷಧ ನಿರೋಧದ ವರದಿ ಹೋದರೆ, ತಿಂಗಳುಗಟ್ಟಲೆ ಬೇರೆಯದೇ ಕಠಿಣ ಔಷಧಗಳನ್ನು ನುಂಗುವವರು ಅವರು. ಆ ಮೂರು ದಿನ ನಾನು ಕಲಿತಷ್ಟನ್ನು ಯಾವ ಕೋರ್ಸಿನಲ್ಲೂ ಕಲಿತಿಲ್ಲ. ಅಂದಿನಿಂದ ಮೂರು ಕೊಠಡಿಗಳಿಗೆ ಮೂರು ಬಣ್ಣದ ಕೋಟುಗಳಿವೆ. ಆದ್ದರಿಂದ “ನಮ್ಮಲ್ಲಿ ಹಾಗೆ ಎಂದೂ ಆಗಿಲ್ಲ” ಎಂದು ಹೇಳುವ ತರಬೇತುದಾರರನ್ನು ನಂಬಬೇಡಿ. ಆದದ್ದನ್ನು ದಿನಾಂಕ ಸಹಿತ ಬರೆದಿಟ್ಟ ಪುಸ್ತಕವನ್ನು ತೆರೆದು ತೋರಿಸುವವರ ಬಳಿ ಕಲಿಯಿರಿ.

ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನ ಮಾನ್ಯತೆ ಇರುವ, ಅಂದರೆ ಐಎಸ್‌ಒ 15189 ನಿಯಮದಂತೆ ನಡೆಯುವ ಲ್ಯಾಬಾದರೆ ಇಂಥ ದಾಖಲೆಗಳು ಇರಲೇಬೇಕು. ಮಾನ್ಯತೆ ಇಲ್ಲದ ಕಡೆಯೂ ಒಳ್ಳೆಯ ಗುರುಗಳಿದ್ದಾರೆ. ಅಲ್ಲಿ ಪುಸ್ತಕವನ್ನೇ ನೋಡಿ ನಿರ್ಧರಿಸಿ.

ದಾರಿ ಯಾವುದೆಂದು ಇನ್ನೂ ತೀರ್ಮಾನವಾಗದಿದ್ದರೂ ಅಭ್ಯಾಸವನ್ನು ಈ ವಾರವೇ ಆರಂಭಿಸಬಹುದು. ನಿಮ್ಮ ಕಾಲೇಜಿನಲ್ಲೋ ಕೆಲಸದ ಲ್ಯಾಬಿನಲ್ಲೋ ಮಿಲಿಗ್ರಾಂನ ಹತ್ತನೇ ಒಂದು ಪಾಲಿನವರೆಗೆ ತೂಗುವ ತಕ್ಕಡಿಯೂ ಒಂದು ಪಿಪೆಟ್ಟೂ ಇದ್ದರೆ ಸಾಕು. ತಕ್ಕಡಿಯ ಮೇಲೆ ಸಣ್ಣ ಟ್ಯೂಬ್ ಇಟ್ಟು ಸೊನ್ನೆ ಮಾಡಿ, 100 ಮೈಕ್ರೋಲೀಟರ್ ನೀರು ಹಾಕಿ, ತೂಕ ಬರೆದುಕೊಳ್ಳಿ; 100 ಮಿಲಿಗ್ರಾಂಗೆ ಕೂದಲೆಳೆಯಷ್ಟು ಕಡಿಮೆ ಬರಬೇಕು. ಹೀಗೆ ಹತ್ತು ಸಲ ಮಾಡಿ, ಹತ್ತೂ ಅಂಕಿಗಳನ್ನು ದಿನಾಂಕದ ಕೆಳಗೆ ಬರೆಯಿರಿ. ಮೊದಲ ದಿನ 92, 104, 97 ಎಂದು ಚದುರಿರುತ್ತವೆ. ಹತ್ತೂ 99ರಿಂದ 101ರೊಳಗೆ ಬಂದು ನಿಲ್ಲುವವರೆಗೆ ದಿನಕ್ಕೊಂದು ಸಾಲು ಬರೆಯುತ್ತ ಹೋಗಿ, ಆಮೇಲೆ 10 ಮೈಕ್ರೋಲೀಟರ್‌ಗೆ ಇಳಿಯಿರಿ. ಬೇಸಿಗೆಯಲ್ಲಿ ಮಾಡುವುದಾದರೆ ಫ್ಯಾನ್ ನಿಲ್ಲಿಸಿ, ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿ. ನಮ್ಮ ಬಿಸಿಲಿಗೆ ಹನಿ ಆರುತ್ತ ಕಣ್ಣೆದುರೇ ಅಂಕಿ ಇಳಿಯುವುದನ್ನು ನೀವೇ ಕಾಣುತ್ತೀರಿ.